ತಿಮಿಂಗಿಲ ಬೇಟೆಯ ಹಡಗಿನಲ್ಲಿ ಬಿಡುವಿನ ಲೆಕ್ಕ

ಹತ್ತೊಂಬತ್ತನೇ ಶತಮಾನದ ಅಮೆರಿಕದ ತಿಮಿಂಗಿಲ ಬೇಟೆಗಾರರು ಹಲ್ಲಿನ ಮೇಲೆ ಕೆತ್ತಿದ ಚಿತ್ರಗಳನ್ನು ಕಡಲಿನ ಏಕಾಂತ ಮತ್ತು ಮನೆಯ ನೆನಪಿನ ಫಲವೆಂದು ಹೊಗಳುವುದು ವಾಡಿಕೆ. ಏಕಾಂತವಿತ್ತು, ನೆನಪೂ ಇತ್ತು. ಆದರೆ ಕೆತ್ತುತ್ತ ಕೂರುವಷ್ಟು ಹೊತ್ತು ಬಂದದ್ದು ಎಲ್ಲಿಂದ? ಸರಕು ಸಾಗಿಸುವ ಹಾಯಿಹಡಗಿನ ಮಾಲೀಕ ಆದಷ್ಟು ಕಡಿಮೆ ಜನರನ್ನಿಟ್ಟು ತಿಂಗಳ ಸಂಬಳ ಕೊಡುತ್ತಿದ್ದ, ಕೊಟ್ಟ ಕಾಸಿಗೆ ತಕ್ಕಷ್ಟು ದುಡಿಸಿಕೊಳ್ಳುತ್ತಿದ್ದ. ಬೇಟೆಯ ಹಡಗಿನ ಲೆಕ್ಕವೇ ಬೇರೆ. 1841ರಲ್ಲಿ ನ್ಯೂ ಬೆಡ್‌ಫರ್ಡ್‌ನಲ್ಲಿ ನೀರಿಗಿಳಿದ ‘ಚಾರ್ಲ್ಸ್ ಡಬ್ಲ್ಯೂ. ಮಾರ್ಗನ್’ ಹಡಗಿನಲ್ಲಿ ಸುಮಾರು 35 ಜನರಿರುತ್ತಿದ್ದರು. ಹಾಯಿ ಬಿಚ್ಚಿ ಕಟ್ಟಲು ಅಷ್ಟು ಮಂದಿ ಬೇಕಿರಲಿಲ್ಲ; ತಿಮಿಂಗಿಲ ಕಂಡಾಗ ಇಳಿಸುವ ಒಂದೊಂದು ದೋಣಿಗೂ ಆರು ಜನ ಬೇಕಿತ್ತು. ಯಾನ ಮೂರು ನಾಲ್ಕು ವರ್ಷದ್ದು, ತಿಮಿಂಗಿಲವೋ ವಾರಗಟ್ಟಲೆ ಕಾಣದು. ಅಷ್ಟು ದಿನ ಅವರೆಲ್ಲ ಸುಮ್ಮನಿದ್ದರೂ ಊಟದ ಖರ್ಚು ಬಿಟ್ಟರೆ ಮಾಲೀಕನ ಕೈಯಿಂದ ಹೋಗುವುದೇನಿಲ್ಲ. ಏಕೆಂದರೆ ಸಂಬಳವೇ ಇರಲಿಲ್ಲ. ಸಿಗುತ್ತಿದ್ದದ್ದು ಎಣ್ಣೆಯ ಹಣದಲ್ಲಿ ಪಾಲು, ಹೊಸಬನಿಗೆ ನೂರೈವತ್ತರಲ್ಲೋ ಇನ್ನೂರರಲ್ಲೋ ಒಂದು. ಹಡಗಿನಲ್ಲೇ ಸಾಲಕ್ಕೆ ಕೊಂಡ ಅಂಗಿ, ತಂಬಾಕಿನ ಬಾಬ್ತು ಅದರಲ್ಲೇ ವಜಾ ಆಗುತ್ತಿತ್ತು. ನಾವಿಕರ ಬಿಡುವೆಂದರೆ ಈ ಏರ್ಪಾಟಿನಲ್ಲಿ ಯಾರೂ ಬೆಲೆ ಕಟ್ಟದ ಸಮಯ.

ಕೆತ್ತಿದ ವಸ್ತುವಿಗೂ ಹೆಚ್ಚು ಬೆಲೆಯಿರಲಿಲ್ಲ. ಎಣ್ಣೆ ದೀಪಕ್ಕೆ, ಕೆಲವು ಜಾತಿಯ ತಿಮಿಂಗಿಲಗಳ ಬಾಯೊಳಗಿನ ಬಲೀನ್ ಪಟ್ಟಿ ಹೆಂಗಸರ ಬಿಗಿಯುಡುಪಿಗೆ ಮಾರಾಟವಾಗುತ್ತಿದ್ದವು. ಹಲ್ಲಿಗೆ ಫಿಜಿ ದ್ವೀಪಗಳ ವ್ಯಾಪಾರ ಬಿಟ್ಟರೆ ದೊಡ್ಡ ಗಿರಾಕಿಯಿಲ್ಲ. ಹಾಗಾಗಿ ಅದು ನಾವಿಕರ ಕೈಗೆ ಬರುತ್ತಿತ್ತು. ಹಸಿ ಹಲ್ಲು ಉಬ್ಬುತಗ್ಗಿನದು. ಚಾಕುವಿನಿಂದ ಹೆರೆದು, ಶಾರ್ಕ್ ಚರ್ಮದಿಂದ ಉಜ್ಜಿ ನಯಮಾಡಬೇಕು. ಪತ್ರಿಕೆಯ ಚಿತ್ರವನ್ನು ಮೇಲಿಟ್ಟು ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಚುಕ್ಕಿಗಳನ್ನು ಜೋಡಿಸಿ ಕೊರೆದು, ಕೊನೆಗೆ ದೀಪದ ಮಸಿ ತಿಕ್ಕಬೇಕು. ಫ್ಯಾಷನ್ ಪತ್ರಿಕೆಯ ಬೆಡಗಿಯರು ತಿಮಿಂಗಿಲದ ಹಲ್ಲಿನ ಮೇಲೆ ನಿಂತದ್ದು ಹೀಗೆ! ಕರ್ಜಿಕಾಯಿಯಂಥ ತಿನಿಸಿನ ಅಂಚು ಒತ್ತುವ ಪುಟ್ಟ ಚಕ್ರಗಳನ್ನೂ ಮನೆಯವರಿಗೆಂದು ಮಾಡುತ್ತಿದ್ದರು. ನ್ಯಾಂಟಕೆಟ್‌ನ ‘ಸೂಸನ್’ ಹಡಗಿನಲ್ಲಿದ್ದ ಫ್ರೆಡರಿಕ್ ಮೈರಿಕ್ 1828-29ರಲ್ಲಿ ಇಂಥ ಹಲ್ಲುಗಳನ್ನು ಒಂದರ ಮೇಲೊಂದು ಕೆತ್ತಿದ. ಹಡಗು ದುಡಿಯುತ್ತಿದ್ದಾಗಲೇ ಒಬ್ಬನಿಗೆ ಅಷ್ಟು ಹೊತ್ತು ಸಿಕ್ಕಿತ್ತು.

ಬೇರೆ ಹಡಗುಗಳ ನಾವಿಕರೂ ಹಗ್ಗದ ಗಂಟು ಹೆಣೆಯುತ್ತಿರಲಿಲ್ಲವೇ, ಹಡಗಿನ ಮಾದರಿ ಮಾಡುತ್ತಿರಲಿಲ್ಲವೇ ಎಂದು ಕೇಳಬಹುದು. ಮಾಡುತ್ತಿದ್ದರು, ನಿಜ, ಆದರೆ ಪಾಳಿಗಳ ನಡುವೆ ಕದ್ದ ಗಳಿಗೆಯಲ್ಲಿ. ದಾರಿಯಲ್ಲಿ ಇನ್ನೊಂದು ಹಡಗು ಸಿಕ್ಕರೆ ಹಾಯಿ ತಗ್ಗಿಸಿ, ದೋಣಿ ಇಳಿಸಿ, ಪತ್ರ ಬದಲಾಯಿಸಿಕೊಂಡು ಹರಟುವ ‘ಗ್ಯಾಮ್’ ಪದ್ಧತಿ ಬೆಳೆದದ್ದು ಬೇಟೆಗಾರರಲ್ಲಿ. ಬಂದರು ಮುಟ್ಟುವ ಅವಸರದ ಸರಕು ಹಡಗಿಗೆ ಅದು ಕೈಗೆಟುಕದ ಸುಖ. ಕ್ಯಾಪ್ಟನ್‌ಗಳು ಜನರನ್ನು ಸುಮ್ಮನೆ ಕೂರಿಸುತ್ತಿರಲಿಲ್ಲ, ಡೆಕ್ ತಿಕ್ಕಿಸುತ್ತಿದ್ದರು ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ಹುರುಳಿದೆ. ತಿಮಿಂಗಿಲ ಸಿಕ್ಕಿತೆಂದರಂತೂ ಕೊಬ್ಬು ಕತ್ತರಿಸಿ ಕಾಯಿಸುವ ಕೆಲಸ ಹಗಲೂ ರಾತ್ರಿ ನಡೆಯುತ್ತಿತ್ತು. ಆದರೂ ತಿಕ್ಕುವ ಕೆಲಸ ಮೂವತ್ತು ಚಿಲ್ಲರೆ ಜನಕ್ಕೆ ವರ್ಷಗಟ್ಟಲೆ ಸಾಕಾಗುವಂಥದ್ದಲ್ಲ. ಮೈರಿಕ್‌ನಂತೆ ಹೆಸರು ಹಾಕಿದವರು ವಿರಳ. ಉಳಿದಿರುವ ಬಹುಪಾಲು ಕೆತ್ತನೆಗಳಲ್ಲಿ ಕೆತ್ತಿದವನ ಹೆಸರಿಲ್ಲ. ಮಾಲೀಕರ ಲೆಕ್ಕದ ಪುಸ್ತಕಗಳಲ್ಲಿ ಮಾತ್ರ ಪ್ರತಿಯೊಬ್ಬನ ಪಾಲು, ಸಾಲ ಹೆಸರು ಸಮೇತ ದಾಖಲಾಗಿವೆ. ವಸ್ತುಸಂಗ್ರಹಾಲಯಗಳು ಹಲ್ಲಿನ ಪಕ್ಕದಲ್ಲಿ ಆ ಪುಟವನ್ನೂ ತೆರೆದಿಡಬೇಕು.