ಎಲ್‌ಎಲ್‌ಆರ್ ಪ್ರಶ್ನೆಗಳ ಹಿಂದೆ ಇರೋರು

ಭಾಗ 1

ಎಲ್‌ಎಲ್‌ಆರ್ ಟೆಸ್ಟ್‌ಗೆ ಓದ್ತಾ ಇದ್ದೀರಾ? ಹಾಗಿದ್ರೆ ಆ ಪ್ರಶ್ನೋತ್ತರದ ಪಿಡಿಎಫ್ ನಿಮ್ಮ ಫೋನಲ್ಲೂ ಇರುತ್ತೆ. ನಮ್ಮ ಕ್ಲಾಸ್ ಗ್ರೂಪಲ್ಲಿ ಅದು ಅಕೌಂಟ್ಸ್ ನೋಟ್ಸ್‌ಗಿಂತ ಜಾಸ್ತಿ ಓಡಾಡಿದೆ. ಎಲ್ಲರೂ ಓದೋ ರೀತಿನೂ ಒಂದೇ. ಪ್ರಶ್ನೆ ನೋಡು, ಸರಿ ಉತ್ತರ ನೆನಪಿಟ್ಕೋ, ಮುಂದಕ್ಕೆ ಹೋಗು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಶೇ. 60 ಸರಿ ಬಂದ್ರೆ ಪಾಸು. ಮಿಕ್ಕಿದ್ದನ್ನ 8 ಹಾಕೋ ದಿನ ನೋಡ್ಕೊಂಡ್ರಾಯ್ತು ಅನ್ನೋ ಧೈರ್ಯ.

ಆದ್ರೆ ಆ ಪಟ್ಟಿಯ ಕೆಲವು ಪ್ರಶ್ನೆಗಳನ್ನ ಯಾರೋ ಆಫೀಸಲ್ಲಿ ಕೂತು ಸುಮ್ನೆ ಬರೆದದ್ದಲ್ಲ. ಅವುಗಳ ಹಿಂದೆ ಸತ್ತವರಿದ್ದಾರೆ. ಮೊದಲು ಈ ಟೆಸ್ಟ್ ಅನ್ನೋದೇ ಹೇಗೆ ಬಂತು ನೋಡೋಣ. ಆಮೇಲೆ ಎರಡೇ ಎರಡು ಪ್ರಶ್ನೆಗಳ ಕಥೆ.

ನಾವು ಎಡಗಡೆ ಓಡಿಸೋದು ಬ್ರಿಟಿಷರಿಂದ ಬಂದದ್ದು, ಹಾಗಾಗಿ ಅಲ್ಲಿಂದಲೇ ಶುರು. 1865ರಲ್ಲಿ ಬ್ರಿಟನ್‌ನಲ್ಲಿ ಒಂದು ಕಾಯ್ದೆ ಬಂತು. ರಸ್ತೆ ಮೇಲೆ ಎಂಜಿನ್ ಗಾಡಿ ಓಡಬೇಕಾದ್ರೆ ಅದರ 60 ಗಜ ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡ್ಕೊಂಡು ನಡೀಬೇಕು. ವೇಗದ ಮಿತಿ ಊರೊಳಗೆ ಗಂಟೆಗೆ 2 ಮೈಲಿ, ಊರ ಹೊರಗೆ 4 ಮೈಲಿ. ಈಗ ಓದಿದ್ರೆ ನಗು ಬರುತ್ತೆ. 1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಹತ್ತಿರ ಬ್ರಿಜೆಟ್ ಡ್ರಿಸ್ಕಾಲ್ ಅನ್ನೋ ಹೆಂಗಸಿಗೆ ಕಾರು ಬಡಿದು ಅವರು ತೀರಿಕೊಂಡ್ರು. ಬ್ರಿಟನ್‌ನಲ್ಲಿ ಪೆಟ್ರೋಲ್ ಕಾರಿಗೆ ಬಲಿಯಾದ ಮೊದಲ ಪಾದಚಾರಿ ಅಂತ ಅವರ ಹೆಸರು ದಾಖಲಾಗಿದೆ. ಆಕಸ್ಮಿಕ ಸಾವು ಅಂತ ತೀರ್ಪಾಯ್ತು. ಅದೇ ವರ್ಷ ನವೆಂಬರಿನಲ್ಲಿ ಹೊಸ ಕಾಯ್ದೆ ಜಾರಿಗೆ ಬಂದು, ಹಗುರ ಗಾಡಿಗಳ ಮುಂದೆ ನಡೀತಿದ್ದ ಮನುಷ್ಯನನ್ನ ಕಿತ್ತುಹಾಕಿ, ವೇಗದ ಮಿತಿಯನ್ನ 14 ಮೈಲಿಗೆ ಏರಿಸ್ತು!

ಭಾಗ 2

1903ರ ಮೋಟಾರ್ ಕಾರ್ ಕಾಯ್ದೆಯಿಂದ ಅಲ್ಲಿ ಡ್ರೈವಿಂಗ್ ಲೈಸೆನ್ಸ್ ಬಂತು. 5 ಶಿಲಿಂಗ್ ಕಟ್ಟು, ಲೈಸೆನ್ಸ್ ತಗೋ. ಟೆಸ್ಟ್ ಇಲ್ಲ. ಗಾಡಿ ಓಡಿಸೋಕೆ ಬರುತ್ತಾ ಅಂತ ಯಾರೂ ಕೇಳೋದಿಲ್ಲ. ಹೀಗೇ ಮೂವತ್ತು ವರ್ಷ ನಡೀತು ನೋಡಿ.

1930ರಲ್ಲಿ ಇನ್ನೂ ವಿಚಿತ್ರ. ಕಾರುಗಳಿಗಿದ್ದ 20 ಮೈಲಿ ಮಿತಿಯನ್ನೇ ತೆಗೆದುಹಾಕಿದ್ರು. ಅದೇ ಕಾಯ್ದೆ ಥರ್ಡ್ ಪಾರ್ಟಿ ವಿಮೆಯನ್ನ ಕಡ್ಡಾಯ ಮಾಡ್ತು. (ಬಿಕಾಂನವರು ಗಮನಿಸಿ: ನಮ್ಮಲ್ಲಿ 1939ರ ಮೋಟಾರು ವಾಹನ ಕಾಯ್ದೆಯಲ್ಲಿ ವಿಮೆ ಅಧ್ಯಾಯ ಇತ್ತು, ಆದ್ರೆ ಜಾರಿಗೆ ಬಂದಿದ್ದು 1946ರ ಜುಲೈ 1ಕ್ಕೆ.) ಅಂದ್ರೆ ಸತ್ತವರ ಮನೆಯವರಿಗೆ ಪರಿಹಾರದ ದಾರಿ ಮೊದಲು ಬಂತು, ಸಾಯದ ಹಾಗೆ ನೋಡ್ಕೊಳ್ಳೋ ದಾರಿ ಆಮೇಲೆ. ಈ ಕ್ರಮ ನನಗೆ ಇವತ್ತಿಗೂ ಸರಿ ಅನ್ಸಲ್ಲ.

1934ರಲ್ಲಿ ಬ್ರಿಟನ್ ರಸ್ತೆಗಳಲ್ಲಿ ಸತ್ತವರು 7,343 ಜನ. ಆಗ ಅಲ್ಲಿದ್ದ ವಾಹನಗಳು ಸುಮಾರು 24 ಲಕ್ಷ ಮಾತ್ರ. ಇವತ್ತು 4 ಕೋಟಿ ದಾಟಿವೆ, ಸಾವು ವರ್ಷಕ್ಕೆ 2,000ಕ್ಕಿಂತ ಕಮ್ಮಿ. ಆ 7,343ರ ಒತ್ತಡದಲ್ಲೇ ಜನವಸತಿ ಇರೋ ಕಡೆ 30 ಮೈಲಿ ಮಿತಿ ಬಂತು, 1935ರ ಜೂನ್ 1ರಿಂದ ಹೊಸ ಚಾಲಕರಿಗೆ ಟೆಸ್ಟ್ ಕಡ್ಡಾಯವಾಯ್ತು. ಗಾಡಿ ಓಡಿಸಿ ತೋರಿಸಬೇಕು, ಜೊತೆಗೆ ರಸ್ತೆ ನಿಯಮದ ಮೇಲೆ ಬಾಯಿಮಾತಿನ ಪ್ರಶ್ನೆಗಳು. ಬರವಣಿಗೆಯ ಟೆಸ್ಟ್ ಅಲ್ಲಿ ಬಂದಿದ್ದು 1996ರಲ್ಲಿ!

ನಮ್ಮ ದೇಶದ ಲೆಕ್ಕವನ್ನೂ ಹೇಳಿಬಿಡ್ತೀನಿ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491. ದಿನಕ್ಕೆ 460ಕ್ಕೂ ಹೆಚ್ಚು.

ಭಾಗ 3

ಈಗ ಮೊದಲ ಪ್ರಶ್ನೆ. ಕಾವಲುಗಾರ ಇಲ್ಲದ ರೈಲ್ವೆ ಲೆವೆಲ್ ಕ್ರಾಸಿಂಗ್ ಬಂದ್ರೆ ಚಾಲಕ ಏನು ಮಾಡಬೇಕು?

ಸರಿ ಉತ್ತರ ನಿಮಗೆ ಗೊತ್ತು. ಗಾಡಿ ನಿಲ್ಲಿಸಿ, ಇಳಿದು, ಎರಡೂ ಕಡೆ ರೈಲು ಬರ್ತಿಲ್ಲ ಅಂತ ನೋಡ್ಕೊಂಡು ದಾಟಬೇಕು. 1988ರ ಕಾಯ್ದೆಯ 131ನೇ ಸೆಕ್ಷನ್ ಇದನ್ನ ಇನ್ನೂ ಬಿಡಿಸಿ ಹೇಳುತ್ತೆ. ಕಂಡಕ್ಟರೋ ಕ್ಲೀನರೋ ಗಾಡಿಯಲ್ಲಿರೋ ಬೇರೆ ಯಾರೋ ಹಳಿ ತನಕ ನಡೆದು ಹೋಗಿ ನೋಡಿ, ಮುಂದೆ ನಿಂತು ಗಾಡಿಯನ್ನ ದಾಟಿಸಬೇಕು. ಯಾರೂ ಇಲ್ಲದಿದ್ರೆ ಚಾಲಕನೇ ಇಳೀಬೇಕು. 1865ರ ಕೆಂಪು ಬಾವುಟದ ಮನುಷ್ಯ ಇಲ್ಲಿ ಮತ್ತೆ ಬಂದ ಹಾಗಿದೆ, ಅಲ್ವಾ? ಅವನನ್ನ ನೋಡಿ ನಕ್ಕವರು ಈ ಪ್ರಶ್ನೆಗೂ ನಗ್ತಾರೆ. ಯಾರಪ್ಪಾ ಇಳಿದು ನೋಡ್ತಾರೆ ಅಂತ.

2018ರ ಏಪ್ರಿಲ್ 26ರ ಬೆಳಿಗ್ಗೆ ಉತ್ತರ ಪ್ರದೇಶದ ಕುಶಿನಗರದಲ್ಲಿ ಅಂಥ ಒಂದು ಕ್ರಾಸಿಂಗಿನಲ್ಲಿ ಶಾಲಾ ವ್ಯಾನಿಗೆ ರೈಲು ಬಡೀತು. 13 ಮಕ್ಕಳು ತೀರಿಕೊಂಡ್ರು. ಆಮೇಲೆ ಇಂಥ ಕ್ರಾಸಿಂಗ್‌ಗಳನ್ನ ತೆಗೆಯೋ ಕೆಲಸ ಚುರುಕಾಗಿ, 2019ರ ಜನವರಿ ಕೊನೆಗೆ ದೇಶದ ಬ್ರಾಡ್ ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಕ್ರಾಸಿಂಗ್‌ಗಳನ್ನೆಲ್ಲ ಮುಚ್ಚಿಯೋ, ಗೇಟು ಹಾಕಿಯೋ, ಕೆಳಸೇತುವೆ ಮಾಡಿಯೋ ಮುಗಿಸಿದ್ರು. ಚಾಲಕರಿಗೆ ಇಳಿದು ನೋಡಿ ಅಂತ 30 ವರ್ಷ ಹೇಳಿದ್ದು ಸಾಕಾಗಲಿಲ್ಲ, ಕ್ರಾಸಿಂಗನ್ನೇ ತೆಗೀಬೇಕಾಯ್ತು.

ಭಾಗ 4

ಎರಡನೇ ಪ್ರಶ್ನೆ, ನಾನು ಈ ಸರಣಿ ಬರೆಯೋಕೆ ಕೂತಿದ್ದೇ ಇದಕ್ಕೆ. ನಿಮ್ಮ ಗಾಡಿಯಿಂದ ಅಪಘಾತವಾಗಿ ಯಾರಿಗಾದ್ರೂ ಪೆಟ್ಟಾದ್ರೆ ಏನು ಮಾಡಬೇಕು?

ಉತ್ತರ: ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು, 24 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬೇಕು. ಚಾಲಕನ ಈ ಕರ್ತವ್ಯ 1939ರ ಕಾಯ್ದೆಯಲ್ಲೇ ಇತ್ತು. ಆದ್ರೆ ಗಾಯಾಳುವನ್ನ ಆಸ್ಪತ್ರೆ ಬಾಗಿಲ ತನಕ ತಂದ ಮೇಲೆ ಏನು?

1980ರ ದಶಕದಲ್ಲಿ ಒಬ್ಬ ಸ್ಕೂಟರ್ ಸವಾರನಿಗೆ ಕಾರು ಗುದ್ದಿತು. ದಾರೀಲಿ ಹೋಗ್ತಿದ್ದವರೊಬ್ಬರು ಅವನನ್ನ ಎತ್ಕೊಂಡು ಹತ್ತಿರದ ಆಸ್ಪತ್ರೆಗೆ ಓಡಿದ್ರು. ಇದು ಪೊಲೀಸ್ ಕೇಸು, ಇಲ್ಲಿ ನೋಡೋಕಾಗಲ್ಲ, ಇಂಥ ಕೇಸು ತಗೊಳ್ಳೋ ಇನ್ನೊಂದು ಆಸ್ಪತ್ರೆಗೆ ಹೋಗಿ ಅಂದ್ರು. ಅದು ಸುಮಾರು 20 ಕಿಲೋಮೀಟರ್ ದೂರ. ಸವಾರ ದಾರಿಯಲ್ಲೇ ತೀರಿಕೊಂಡ. ಈ ಸುದ್ದಿಯನ್ನ ಪತ್ರಿಕೆಯಲ್ಲಿ ಓದಿದ ಪರಮಾನಂದ ಕಟಾರಾ ಸುಪ್ರೀಂ ಕೋರ್ಟಿಗೆ ಹೋದ್ರು. 1989ರ ಆಗಸ್ಟ್ 28ರಂದು ತೀರ್ಪು ಬಂತು: ಸರ್ಕಾರಿ ಆಸ್ಪತ್ರೆ ಇರಲಿ, ಖಾಸಗಿ ಇರಲಿ, ವೈದ್ಯರ ಮೊದಲ ಕೆಲಸ ಜೀವ ಉಳಿಸೋದು, ಪೊಲೀಸ್ ಕಾಗದ ಆಮೇಲೆ. 1994ರ ತಿದ್ದುಪಡಿಯಲ್ಲಿ ಇದು 134ನೇ ಸೆಕ್ಷನ್‌ಗೆ ಸೇರಿತು. ಜನ ರೊಚ್ಚಿಗೆದ್ದು ಹೊಡೆಯೋಕೆ ಬಂದಾಗ ಚಾಲಕ ಗಾಯಾಳುವನ್ನ ಕರ್ಕೊಂಡು ಹೋಗೋಕೆ ಆಗದೇ ಇರಬಹುದು ಅನ್ನೋದನ್ನೂ ಆ ಸೆಕ್ಷನ್ ಒಪ್ಪಿದೆ. ನಮ್ಮ ಜನರನ್ನ ಚೆನ್ನಾಗಿ ನೋಡಿಯೇ ಬರೆದಿದ್ದಾರೆ!

ಉಳಿದಿದ್ದು ಆ ಎತ್ಕೊಂಡು ಓಡಿದ ಮನುಷ್ಯ. ಸಹಾಯಕ್ಕೆ ಹೋದ್ರೆ ಸ್ಟೇಷನ್, ಕೋರ್ಟು ಅಂತ ಅಲೀಬೇಕಾಗುತ್ತೆ ಅನ್ನೋ ಭಯ ನಮ್ಮ ಮನೆಗಳಲ್ಲಿ ಇವತ್ತೂ ಇದೆ. ಅಪಘಾತ ಕಂಡ್ರೆ ನೀನು ಮಾತ್ರ ನಿಲ್ಲಬೇಡ ಅಂತ ಅಮ್ಮ ನನಗೂ ಹೇಳಿದ್ದಾರೆ. ಅಂಥವರ ರಕ್ಷಣೆಗೆ ಕೇಂದ್ರ ಕೊಟ್ಟಿದ್ದ ಮಾರ್ಗಸೂಚಿಗಳನ್ನ 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಎಲ್ಲರೂ ಪಾಲಿಸಲೇಬೇಕು ಅಂತ ಮಾಡ್ತು. ಇದಕ್ಕೇ ಅಂತ ಸ್ವಂತ ಕಾಯ್ದೆ ತಂದ ಮೊದಲ ರಾಜ್ಯ ಕರ್ನಾಟಕ, 2018ರಲ್ಲಿ ಅದಕ್ಕೆ ರಾಷ್ಟ್ರಪತಿ ಅಂಕಿತ ಬಿತ್ತು. 2019ರ ತಿದ್ದುಪಡಿಯಲ್ಲಿ 134ಎ ಸೆಕ್ಷನ್ ಆಗಿ ಇಡೀ ದೇಶಕ್ಕೆ ಬಂತು.

ಅಂದ್ರೆ ಇವತ್ತು ನೀವು ದಾರಿಹೋಕರಾಗಿ ಗಾಯಾಳುವನ್ನ ಆಸ್ಪತ್ರೆಗೆ ಸೇರಿಸಿದ್ರೆ, ನಿಮ್ಮ ಹೆಸರು, ವಿಳಾಸ, ಫೋನ್ ನಂಬರು ಕೊಡಲೇಬೇಕು ಅಂತ ಪೊಲೀಸರೂ ಒತ್ತಾಯ ಮಾಡೋ ಹಾಗಿಲ್ಲ. ಸಾಕ್ಷಿ ಹೇಳೋದು ನಿಮ್ಮಿಷ್ಟ. ಅಪಘಾತ ಮಾಡಿದ ಚಾಲಕನಿಗೆ ಮಾತ್ರ ಈ ವಿನಾಯಿತಿ ಇಲ್ಲ, ಅವನಿಗೆ ಆ 24 ಗಂಟೆಯ ಉತ್ತರವೇ. ನಾನು ಇದನ್ನ ಅಮ್ಮನಿಗೆ ಓದಿ ಹೇಳಿದೆ. "ನಿಜವಾಗ್ಲೂ ಹಾಗಿದ್ಯಾ?" ಅಂತ ಎರಡು ಸಲ ಕೇಳಿದ್ರು.