ಊರಿಗೊಂದು ದೂರದರ್ಶನ

ಕರ್ನಾಟಕದಲ್ಲಿ ದೂರದರ್ಶನದ ಚರಿತ್ರೆಯನ್ನು ಹೇಳುವವರು ಹೆಚ್ಚಾಗಿ 1981ರಲ್ಲಿ ಪ್ರಾರಂಭವಾದ ಬೆಂಗಳೂರು ಕೇಂದ್ರದಿಂದ ಮೊದಲುಮಾಡುತ್ತಾರೆ. ಆದರೆ ಅದಕ್ಕೆ ಆರು ವರ್ಷ ಮೊದಲೇ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳ ಮಕ್ಕಳು ತಮ್ಮ ಶಾಲೆಯಲ್ಲಿ ಕನ್ನಡ ಕಾರ್ಯಕ್ರಮಗಳನ್ನು ನೋಡಿದ್ದರು. ಇಂದು ಯಾದಗಿರಿ ಜಿಲ್ಲೆಯಲ್ಲಿರುವ ದೋರನಹಳ್ಳಿ, ಶಹಾಪುರ, ಸುರಪುರದ ಸೀಮೆ ಆಗ ಗುಲ್ಬರ್ಗಾ ಜಿಲ್ಲೆಗೆ ಸೇರಿತ್ತು. ರಾಜಧಾನಿಗಿಂತ ಮೊದಲು ಹಿಂದುಳಿದ ಸೀಮೆಗೆ ಹೊಸ ಸಾಧನ ಬಂದ ಈ ಪ್ರಸಂಗವು ವಿಚಾರಯೋಗ್ಯವಾಗಿದೆ.

1966ರಲ್ಲಿ ಗುಲ್ಬರ್ಗಾ ಆಕಾಶವಾಣಿ ಆರಂಭವಾದಾಗ ಈ ಭಾಗದ ಜನರಿಗೆ ಸಮೀಪದ ಊರಿನಿಂದಲೇ ಕನ್ನಡದ ಧ್ವನಿ ಕೇಳಿಬಂದಿತು. ಧ್ವನಿಯೊಡನೆ ಚಿತ್ರವನ್ನೂ ಹಳ್ಳಿಗೆ ತಲುಪಿಸಬೇಕೆಂಬುದು ವಿಜ್ಞಾನಿ ವಿಕ್ರಮ್ ಸಾರಾಭಾಯಿಯವರ ಸಂಕಲ್ಪವಾಗಿತ್ತು. 1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದವಾಯಿತು. 1971ರಲ್ಲಿ ತೀರಿಕೊಂಡ ಸಾರಾಭಾಯಿಯವರು ಅದರ ಫಲವನ್ನು ಕಾಣಲಿಲ್ಲ.

1975ರ ಆಗಸ್ಟ್ 1ರಂದು ‘ಸೈಟ್’ ಎಂಬ ಹೆಸರಿನ ಆ ಪ್ರಯೋಗ ಆರಂಭವಾಯಿತು. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದ್ದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಪ್ರಸಾರ ನಡೆಯಿತು. ತಂತಿಬಲೆಯಿಂದ ಮಾಡಿದ ಅಗಲವಾದ ಆಂಟೆನಾ ಅದನ್ನು ಹಿಡಿದುಕೊಡುತ್ತಿತ್ತು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ. ಸಂಜೆ ಹಿರಿಯರಿಗೆ ಕೃಷಿ, ಆರೋಗ್ಯ ಮತ್ತು ಮನರಂಜನೆ. ಈ ಒಂದು ವರ್ಷದಲ್ಲಿ ಸುಮಾರು 50 ಸಾವಿರ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯೂ ದೊರೆಯಿತು.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಆ ಪೆಟ್ಟಿಗೆ ಯಾರೊಬ್ಬರ ಮನೆಯ ಸೊತ್ತೂ ಆಗಿರಲಿಲ್ಲ, ಊರಿಗೆಲ್ಲ ಸೇರಿದ್ದಾಗಿತ್ತು. ಹೊಸ ಸಾಧನದೊಡನೆ ಬೆಳೆಯುವುದೆಂದರೆ ಹತ್ತು ಜನರೊಡನೆ ಕುಳಿತು ನೋಡುವುದು, ನೋಡಿದ್ದನ್ನು ಕುರಿತು ಮಾತಾಡುವುದು ಎಂದೇ ಅರ್ಥವಾಗಿತ್ತು.

ಆದರೆ ಅದರ ಮಿತಿಯನ್ನೂ ಮರೆಯಲಾಗದು. ಪ್ರಯೋಗ ಆರಂಭವಾಗುವ ಹೊತ್ತಿಗೆ ದೇಶದಲ್ಲಿ ತುರ್ತುಪರಿಸ್ಥಿತಿ ಜಾರಿಯಲ್ಲಿತ್ತು. ಮಾತಾಡುವ ಅಧಿಕಾರ ಸರ್ಕಾರದ್ದು. ಹಳ್ಳಿಯ ಪಾಲಿಗೆ ಉಳಿದದ್ದು ಕೇಳುವ ಕೆಲಸ ಮಾತ್ರ. ಮೇಲಾಗಿ ಉಪಗ್ರಹ ಎರವಲಿನದು. 1976ರ ಜುಲೈ 31ರಂದು ಪ್ರಯೋಗ ಮುಗಿಯಿತು; ಒಂದು ವರ್ಷ ರೂಢಿಯಾಗಿದ್ದ ಪಾಠ ಮಕ್ಕಳ ಕಣ್ಣೆದುರಿನಿಂದ ಮರೆಯಾಯಿತು. 1977ರಲ್ಲಿ ಗುಲ್ಬರ್ಗಾದಲ್ಲಿ ಪ್ರಸಾರ ಕೇಂದ್ರ ಸ್ಥಾಪನೆಯಾದರೂ, ನೆಲದ ಮೇಲಿನ ಗೋಪುರದ ವ್ಯಾಪ್ತಿ ಉಪಗ್ರಹದಷ್ಟು ವಿಶಾಲವಲ್ಲ. ದೂರದ ಹಳ್ಳಿಗಳು ಮತ್ತೆ ಕಾಯಬೇಕಾಯಿತು.

ಮುಂದೆ 1982ರಲ್ಲಿ ಬಣ್ಣದ ಪ್ರಸಾರ ಬಂದಿತು; ಕ್ರಮೇಣ ದೂರದರ್ಶನ ಮನೆಮನೆಗೆ ಸೇರಿತು; ಈಗ ಮೊಬೈಲು ಅಂಗೈಗೇ ಬಂದಿದೆ. ಅಂದು ಇಲ್ಲದಿದ್ದ ಮರುಮಾತಿನ ಸ್ವಾತಂತ್ರ್ಯ ಇಂದು ಹಳ್ಳಿಯ ಬಾಲಕನಿಗೂ ಲಭಿಸಿದೆ. ಇದು ಸಣ್ಣ ಲಾಭವಲ್ಲ. ಆದರೆ ಜೊತೆಗೆ ಕುಳಿತು ನೋಡುವ, ತಪ್ಪನ್ನು ತಿದ್ದುವ, ಸಾಕೆಂದು ಎಬ್ಬಿಸುವ ಹಿರಿಯರು ಅವನ ಪಕ್ಕದಲ್ಲಿಲ್ಲ. ಸಾಧನವನ್ನು ಕೊಡಿಸಿದ ಮಾತ್ರಕ್ಕೆ ನಮ್ಮ ಹೊಣೆ ತೀರುವುದಿಲ್ಲ. ದಿನದಲ್ಲಿ ಸ್ವಲ್ಪ ಹೊತ್ತಾದರೂ ಮಕ್ಕಳು ಕಾಣುವುದನ್ನು ನಾವೂ ಕಂಡು, ಅವರ ಮಾತಿಗೆ ಕಿವಿಗೊಡುವುದು ಹಿರಿಯರೆನಿಸಿಕೊಂಡ ಎಲ್ಲರ ಕರ್ತವ್ಯವಾಗಿದೆ.