ಆಲ್ರೆಸ್‌ಫರ್ಡಿನ ತಾಯಂದಿರ ಕೂಟ

ಮಕ್ಕಳನ್ನು ಧೈರ್ಯವಂತರನ್ನಾಗಿ ಬೆಳೆಸುವ ಬಗೆಯನ್ನು ಕ್ರೈಸ್ತ ತಂದೆತಾಯಿಗಳಿಗೆ ತಿಳಿಸಿಕೊಡುವ ಶಿಬಿರಗಳು ಇಂದು ನಾನಾ ದೇಶಗಳಲ್ಲಿ ನಡೆಯುತ್ತಿರುವುವಷ್ಟೆ. ಅವುಗಳ ವಂಶಾವಳಿಯನ್ನರಸುತ್ತ ಹಿಂದೆ ಹಿಂದೆ ಹೋದವನು, ಇಂಗ್ಲೆಂಡಿನ ಹ್ಯಾಂಪ್‌ಷೈರ್ ಸೀಮೆಯ ಓಲ್ಡ್ ಆಲ್ರೆಸ್‌ಫರ್ಡ್ ಎಂಬ ಹಳ್ಳಿಯಲ್ಲಿ, ಪಾದ್ರಿಯ ಮನೆಯೊಳಗೆ, ನೆರೆದ ಹೆಂಗಸರೆದುರು ಬಾಯಿ ಕಟ್ಟಿ ನಿಂತ ಒಬ್ಬ ಗೃಹಿಣಿಯನ್ನು ಕಾಣುವನು.

ಆಕೆ ಮೇರಿ ಸಮ್ನರ್. ಅನುಕೂಲಸ್ಥ ಬ್ಯಾಂಕರೊಬ್ಬರ ಮಗಳು, ಆ ಊರಿನ ಪಾದ್ರಿ ಜಾರ್ಜ್ ಸಮ್ನರರ ಪತ್ನಿ. 1876ರಲ್ಲಿ ಹಿರಿಯ ಮಗಳು ಮಾರ್ಗರೆಟ್ ತಾಯಿಯಾದಾಗ, ತನ್ನ ಚೊಚ್ಚಲ ಕೂಸನ್ನು ಎತ್ತಿಕೊಂಡ ದಿನ ತಾನು ಪಟ್ಟ ಅಳುಕು ಆಕೆಗೆ ನೆನಪಾಯಿತು. ಈ ಹೊಣೆಗೆ ತನ್ನನ್ನು ಯಾರೂ ಸಿದ್ಧಪಡಿಸಿರಲಿಲ್ಲವೆಂಬ ಆ ಹಳೆಯ ಕೊರಗೇ ಆಕೆಯಿಂದ ಊರ ತಾಯಂದಿರಿಗೆ ಕರೆ ಕೊಡಿಸಿತು. ಕೂಲಿಕಾರರ ಹೆಂಡಿರೂ ಸಿರಿವಂತ ಮನೆಯ ಒಡತಿಯರೂ ಬಂದರು. ಆದರೆ ಎದ್ದು ನಿಂತ ಮೇರಿಯ ಬಾಯಿಂದ ಮಾತೇ ಹೊರಡದೆ, ಮುಂದಿನ ವಾರ ಬನ್ನಿರೆಂದು ಅವರನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಅವರು ಮರಳಿ ಬಂದರೆಂಬುದೇ ಈ ಕಥೆಯಲ್ಲಿ ನನಗೆ ಅತ್ಯಂತ ಸೋಜಿಗವೆನಿಸುವುದು.

ಮಕ್ಕಳನ್ನು ದಾದಿಯರ ಕೈಗೊಪ್ಪಿಸಿ ನಿಶ್ಚಿಂತರಾಗಿದ್ದ ಒಡತಿಯರಿಗೂ ಈ ಶಿಕ್ಷಣ ಬೇಕೆಂಬುದು ಮೇರಿಯ ದಿಟ್ಟ ನಿಲುವು. ಆದರೂ ಸದಸ್ಯೆಯರಿಗೆ ಹಂಚಿದ ಪ್ರತಿಜ್ಞಾಪತ್ರಗಳಲ್ಲಿ ಒಡತಿಯರದೊಂದು, ಗುಡಿಸಲಿನವರದೊಂದು ಎಂಬ ಭೇದವು ನುಸುಳದಿರಲಿಲ್ಲ. ತಾಯ್ತನ ಒಂದೇ ಎಂದ ಬಾಯಿಯೇ ಕಾಗದದಲ್ಲಿ ಎರಡೆಂದಿತು. ಮಕ್ಕಳನ್ನು ಹೆಂಡದಂಗಡಿಗೆ ಕಳುಹಿಸಲಾಗದೆಂಬುದು ಬಡ ತಾಯಂದಿರಿಗೆ ವಿಧಿಸಿದ್ದ ನಿಯಮಗಳಲ್ಲೊಂದು. ಇದರ ತೂಕ ಇಂದು ನಮಗೆ ತಿಳಿಯುವುದು ಕಷ್ಟ. ಸಂಜೆ ದುಡಿದು ಬಂದ ತಂದೆಯು ಹೂಜಿಯೊಂದನ್ನು ಮಗುವಿನ ಕೈಗಿತ್ತು ಬೀರ್ ತರಲಟ್ಟುವುದು ಅಂದಿನ ಇಂಗ್ಲೆಂಡಿನಲ್ಲಿ ನಾವು ಮೊಸರಿಗೆ ಕಳುಹಿಸಿದಷ್ಟೇ ಸಹಜವಾಗಿದ್ದಿತು. ಹದಿನಾಲ್ಕು ತುಂಬದ ಮಕ್ಕಳ ಕೈಗೆ, ಮೊಹರು ಮಾಡಿದ ಪಾತ್ರೆಯಲ್ಲಲ್ಲದೆ, ಮದ್ಯವನ್ನು ಕೊಡಕೂಡದೆಂಬ ಕಾನೂನು ಬಂದುದು 1901ರಲ್ಲಿ. ಅದಕ್ಕೂ ಮುಂಚೆ ಆ ಹೂಜಿಯನ್ನು ಗೂಡಿನಲ್ಲೇ ಇರಿಸಲು ಗಂಡನೊಡನೆ ವಾದಿಸಬೇಕಾದವಳು, ಪ್ರತಿಜ್ಞಾಪತ್ರವನ್ನು ಗೋಡೆಗೆ ಅಂಟಿಸಿಕೊಂಡ ಆ ಬಡ ಹೆಂಗಸೇ.

ಒಂಬತ್ತು ವರ್ಷ ಊರಿನೊಳಗೇ ಉಳಿದ ಈ ಕೂಟಕ್ಕೆ ರೆಕ್ಕೆ ಮೂಡಿದುದು 1885ರ ಪೋರ್ಟ್ಸ್‌ಮತ್ ಧರ್ಮಸಭೆಯಲ್ಲಿ. ಅಲ್ಲಿ ಶ್ರಮಿಕ ಸ್ತ್ರೀಯರಿಗೆ ಉಪದೇಶಿಸಬೇಕಾಗಿದ್ದ ನ್ಯೂಕಾಸಲಿನ ಬಿಷಪ್ ಅರ್ನೆಸ್ಟ್ ವಿಲ್ಬರ್‌ಫೋರ್ಸರು, ಹೆಂಗಸರಿಗೆ ಹೆಂಗಸೇ ಹೇಳುವುದು ಲೇಸೆಂದು ಮೇರಿಯನ್ನು ಮುಂದೆ ಮಾಡಿದರು. ಈ ಬಾರಿ ಆಕೆಯ ನಾಲಗೆ ತಡವರಿಸಲಿಲ್ಲ. ಮದರ್ಸ್ ಯೂನಿಯನ್ ಎಂಬ ಹೆಸರಿನಿಂದ ಕೂಟವು ಪ್ರಾಂತ ಪ್ರಾಂತಕ್ಕೆ ಹಬ್ಬಿತು. 1897ರಲ್ಲಿ ವಿಕ್ಟೋರಿಯಾ ರಾಣಿಯವರೇ ಅದರ ಪೋಷಕಿಯಾದರು. 1921ರಲ್ಲಿ, ತೊಂಬತ್ತೆರಡರ ವಯಸ್ಸಿನಲ್ಲಿ, ಮೇರಿ ತೀರಿಕೊಂಡರು.

ಇಷ್ಟೆಲ್ಲ ಹೇಳಿದ ಮೇಲೆ ಒಂದನ್ನು ಮುಚ್ಚಿಡಲಾಗದು. ವಿವಾಹದ ಪಾವಿತ್ರ್ಯವನ್ನು ಎತ್ತಿಹಿಡಿದ ಈ ಸಂಸ್ಥೆಯು, ವಿಚ್ಛೇದಿತ ಸ್ತ್ರೀಗೆ 1970ರ ದಶಕದವರೆಗೂ ಸದಸ್ಯತ್ವವನ್ನು ನಿರಾಕರಿಸಿತು. ಒಂಟಿಯಾಗಿ ಮಕ್ಕಳನ್ನು ಸಾಕುತ್ತಿದ್ದವಳಿಗೆ, ಆಸರೆ ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿದ್ದವಳಿಗೆ, ಬಾಗಿಲು ಮುಚ್ಚಿತ್ತು. ಈಗ ಆ ಬಾಗಿಲು ತೆರೆದಿದೆ, ತಂದೆಯರೂ ಒಳಬರುತ್ತಾರೆ. ಈ ಸಂಸ್ಥೆಯ ಇಂದಿನ ಶಿಬಿರಗಳಲ್ಲಿ ತರಬೇತಿ ಪಡೆದ ಸಂಚಾಲಕಿ ಉಪನ್ಯಾಸ ಮಾಡುವುದಿಲ್ಲ; ಬಂದವರು ತಮ್ಮ ತಮ್ಮ ಮನೆಯ ಪಾಡನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿರುವಾಗ, ಆಕೆ ಬಹುಮಟ್ಟಿಗೆ ಸುಮ್ಮನೆ ಕುಳಿತಿರುತ್ತಾಳೆ.